ತವರದ ತವರು

ಫುಕೆಟ್ ಅಂದ ತಕ್ಷಣ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಬರೋ ಮಾತುಗಳು ಸುಮಾರಾಗಿ ಇವೇ: ಪಟಾಂಗ್ ಬೀಚು, ಫಿ ಫಿ ದ್ವೀಪಕ್ಕೆ ಸ್ಪೀಡ್‌ಬೋಟು, ಜೇಮ್ಸ್ ಬಾಂಡ್ ಬಂಡೆ, ಲಾಂಗ್ ವೀಕೆಂಡಿಗೆ ತಲೆಗೆ ಎಷ್ಟಾಗುತ್ತೆ. ಇದರಲ್ಲಿ ಎರಡು ಜಾಗ ಫುಕೆಟ್ ಪ್ರಾಂತ್ಯದಲ್ಲೇ ಇಲ್ಲ ಅನ್ನೋದು ಬೇರೆ ಮಾತು. ಫಿ ಫಿ ಇರೋದು ಕ್ರಾಬಿ ಪ್ರಾಂತ್ಯದಲ್ಲಿ, ಬಾಂಡ್ ಬಂಡೆ ಫಂಗ್ ಙಾ ಪ್ರಾಂತ್ಯದಲ್ಲಿ. ಬೆಂಗಳೂರಿನಿಂದ ನಾಲ್ಕು ಗಂಟೆ ಹಾರಿದರೆ ಸಿಗೋ ಈ ದ್ವೀಪದ ಬಗ್ಗೆ ನಾವು ಕೇಳದೇ ಬಿಡೋ ಪ್ರಶ್ನೆ ಒಂದಿದೆ. ಟೂರಿಸ್ಟರು ಬರೋಕೆ ಮುಂಚೆ ಈ ಊರು ಹೊಟ್ಟೆಪಾಡಿಗೆ ಏನು ಮಾಡ್ತಿತ್ತು?

ಒಂದೇ ಮಾತಿನ ಉತ್ತರ: ತವರ. ಟಿನ್ ಅಂತೀವಲ್ಲ, ಆ ಲೋಹ.

ಹೆಸರಿನಿಂದಲೇ ಶುರು ಮಾಡೋಣ. ಥಾಯ್ ಜನ ಈ ಊರಿನ ಹೆಸರನ್ನು ಇಂಗ್ಲಿಷಿನ ಎಫ್ ಹಾಕಿ ಹೇಳೋದಿಲ್ಲ. ನಮ್ಮ ‘ಫಲ’, ‘ಫಣಿ’ಗಳಲ್ಲಿರೋ ಅಪ್ಪಟ ಮಹಾಪ್ರಾಣ ‘ಫ’ ಅದು. ಹಾಗಾಗಿ ಕನ್ನಡದಲ್ಲಿ ಬರೆದದ್ದನ್ನು ಬರೆದ ಹಾಗೇ ಓದಿದರೆ ಸಾಕು. ಮಲಯ ಭಾಷೆಯ ‘ಬುಕಿಟ್’, ಅಂದರೆ ಗುಡ್ಡ, ಅನ್ನೋ ಪದದಿಂದ ಈ ಹೆಸರು ಬಂತು ಅಂತ ಸಾಮಾನ್ಯವಾಗಿ ಹೇಳ್ತಾರೆ. ಹಳೆಯ ಯುರೋಪಿನ ನಕ್ಷೆಗಳಲ್ಲಿ ಇದು ‘ಜಂಕ್ ಸಿಲೋನ್’. ಜಂಕ್ ಅಂದರೆ ಕಸವೂ ಅಲ್ಲ, ಸಿಲೋನ್ ಅಂದರೆ ಶ್ರೀಲಂಕಾವೂ ಅಲ್ಲ. ಮಲಯದ ‘ಉಜುಂಗ್ ಸಲಾಂಗ್’, ಅಂದರೆ ಸಲಾಂಗ್ ಭೂಶಿರ, ನಾವಿಕರ ಬಾಯಲ್ಲಿ ಸಿಕ್ಕಿ ಹೀಗಾಯ್ತು. ಆ ಸಲಾಂಗ್ ಇವತ್ತಿಗೂ ದ್ವೀಪದ ಉತ್ತರ ಭಾಗದಲ್ಲಿ ‘ಥಲಾಂಗ್’ ತಾಲ್ಲೂಕಾಗಿ ಉಳಿದಿದೆ. ನಮ್ಮ ವಿಮಾನ ಇಳಿಯೋದೂ ಅಲ್ಲೇ.

ಇನ್ನು ತವರ. ಇದಕ್ಕೂ ನಮ್ಮ ಅಡುಗೆಮನೆಗೂ ಹಳೇ ನೆಂಟಸ್ತಿಕೆ. ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿ ಬಿದ್ದರೆ ಕಿಲುಬು ಏಳುತ್ತೆ. ಅದಕ್ಕೇ ಕಲಾಯಿ ಹಾಕಿಸ್ತಿದ್ದರು. ಕಲಾಯಿಯವನು ಬೀದಿ ಮೂಲೆಯಲ್ಲಿ ಗುಂಡಿ ತೋಡಿ, ತಿದಿ ಊದಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ಒಂದು ಬಿಳಿ ಕಡ್ಡಿಯನ್ನು ಒಳಗೆ ತಾಗಿಸಿ ಬಟ್ಟೆಯಿಂದ ಒರೆಸಿದ ಅಂದರೆ ಪಾತ್ರೆಯೊಳಗೆ ಬೆಳ್ಳಿ ಹೊಳಪು. ಆ ಬಿಳಿ ಕಡ್ಡಿಯೇ ತವರ. ‘ಕಲಾಯಿ’ ನಮಗೆ ಬಂದದ್ದು ಪಾರಸಿ-ಅರಬ್ಬಿಯ ‘ಕಲಈ’ಯಿಂದ. ಅರಬ್ಬಿಗೆ ಅದು ಬಂದದ್ದು ‘ಕಲಾಹ್’ ಅನ್ನೋ ಬಂದರಿನ ಹೆಸರಿನಿಂದ ಅಂತ ವಿದ್ವಾಂಸರ ಅಭಿಪ್ರಾಯ. ಅರಬ್ ಭೂಗೋಳಕಾರರು ತವರ ಸಿಗುವ ಜಾಗ ಅಂತ ಬರೆದಿಟ್ಟ ಕಲಾಹ್ ಇದ್ದದ್ದು ಮಲಯ ಪರ್ಯಾಯದ್ವೀಪದ ಪಶ್ಚಿಮ ಕರಾವಳಿಯಲ್ಲಿ. ಅದು ಇವತ್ತಿನ ಮಲೇಷಿಯಾದ ಕೆಡಾ ಅಂತ ಕೆಲವರು, ಅದಕ್ಕಿಂತ ಉತ್ತರಕ್ಕೆ ಥಾಯ್ಲೆಂಡಿನ ತಕುವಾ ಪಾ ಅಂತ ಇನ್ನು ಕೆಲವರು. ಯಾವುದೇ ಆಗಲಿ, ಫುಕೆಟ್ ಇರೋದು ಈ ಎರಡರ ನಡುವೆ. ಅಂದರೆ ನಮ್ಮ ಅಜ್ಜಿ ‘ಪಾತ್ರೆಗೆ ಕಲಾಯಿ ಹೋಗಿದೆ ನೋಡೋ’ ಅಂದಾಗ, ತನಗೇ ಗೊತ್ತಿಲ್ಲದೆ ಈ ಕರಾವಳಿಯ ಹೆಸರು ಹೇಳ್ತಿದ್ದರು.

ತವರ ಇಲ್ಲೇ ಯಾಕೆ? ಬರ್ಮಾದಿಂದ ಕೆಳಗೆ ಮಲಯ ಪರ್ಯಾಯದ್ವೀಪದ ಉದ್ದಕ್ಕೂ, ಇಂಡೋನೇಷಿಯಾದ ಬಾಂಗ್ಕಾ ದ್ವೀಪದವರೆಗೂ ಒಂದು ಗ್ರಾನೈಟ್ ಪಟ್ಟಿ ಇದೆ. ಮಳೆಗೆ, ಬಿಸಿಲಿಗೆ ಆ ಕಲ್ಲು ಸವೆದು ಒಳಗಿನ ತವರದ ಅದಿರು ಹೊಳೆಗಳಿಗೆ ಇಳಿಯುತ್ತೆ. ಅದಿರು ಮರಳಿಗಿಂತ ತೂಕ, ಹಾಗಾಗಿ ತಳದಲ್ಲಿ ನಿಲ್ಲುತ್ತೆ. ಮರದ ಅಗಲ ತಟ್ಟೆ ಹಿಡಿದು ಹೊಳೆಯಲ್ಲಿ ನಿಂತು ಗಾಳಿಸಿದರೆ ಕಪ್ಪು ಅದಿರು ಉಳಿಯುತ್ತೆ. ಅಕ್ಕಿಯಲ್ಲಿ ಕಲ್ಲು ಗಾಳಿಸೋ ಲೆಕ್ಕ. ಈ ಕೆಲಸವನ್ನು ಇಲ್ಲಿನ ಹೆಂಗಸರು ಎಷ್ಟೋ ಕಾಲ ಮಾಡಿಕೊಂಡು ಬಂದರು.

ಇಂಥ ಕಡೆಗೆ ಭಾರತದ ವರ್ತಕರು ಹೋಗದೇ ಇರ್ತಾರಾ? ಫುಕೆಟ್‌ನ ಉತ್ತರಕ್ಕೆ, ಪಕ್ಕದ ಫಂಗ್ ಙಾ ಪ್ರಾಂತ್ಯದ ತಕುವಾ ಪಾದಲ್ಲಿ 9ನೇ ಶತಮಾನದ ಒಂದು ತಮಿಳು ಶಾಸನ ಸಿಕ್ಕಿದೆ. ‘ಅವನಿನಾರಣಂ’ ಅನ್ನೋ ಕೆರೆಯನ್ನು ಮಣಿಗ್ರಾಮ ಎಂಬ ವರ್ತಕರ ಸಂಘದ ರಕ್ಷಣೆಗೆ ಒಪ್ಪಿಸಿದ ವಿಷಯ ಅದರಲ್ಲಿದೆ. ಯೋಚನೆ ಮಾಡಿ, ಸಮುದ್ರ ದಾಟಿ ಹೋದವರು ಕೆರೆ ಕಟ್ಟಿಸಿದ್ದಾರೆ. ಎರಡು ದಿನ ಇದ್ದು ಸಾಮಾನು ಕೊಂಡು ವಾಪಸಾಗುವವರು ಕೆರೆ ಕಟ್ಟಿಸೋದಿಲ್ಲ. ಅದೇ ಸೀಮೆಯ ಕಾಡಿನಲ್ಲಿ, ಮರದ ಬೇರುಗಳು ತಬ್ಬಿಕೊಂಡಿದ್ದ ದೊಡ್ಡ ಕಲ್ಲಿನ ದೇವರ ವಿಗ್ರಹಗಳು ಸಿಕ್ಕವು. ಈಗ ಅವನ್ನು ಫುಕೆಟ್‌ನ ಥಲಾಂಗ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಏರ್‌ಪೋರ್ಟಿನಿಂದ ಪಟಾಂಗ್ ಕಡೆಗೆ ಹೋಗೋ ಟ್ಯಾಕ್ಸಿಗಳು ಅದರ ಹತ್ತಿರದಲ್ಲೇ ಸಾಗಿಹೋಗ್ತವೆ, ನಿಲ್ಲಿಸೋರು ಕಡಿಮೆ.

ಕನ್ನಡದ ಕೊಂಡಿಯೂ ಇದೆ. ನಮ್ಮ ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಸಂಘ ದಕ್ಷಿಣ ಭಾರತದ ದೊಡ್ಡ ವರ್ತಕ ಸಂಘಗಳಲ್ಲಿ ಒಂದು. ಈ ಐನೂರ್ವರ ಹೆಸರಿನ ತಮಿಳು ಶಾಸನವೊಂದು ಸುಮಾತ್ರಾದ ಬಾರೂಸ್ ಬಳಿ ಸಿಕ್ಕಿದೆ, ಕಾಲ 1088. ಮಲಪ್ರಭೆಯ ದಡದ ಊರಿನ ಹೆಸರು ಹೊತ್ತ ಸಂಘ ಹೀಗೆ ಸಮುದ್ರದಾಚೆಯ ಕಲ್ಲಿನ ಮೇಲೆ ಕೂತಿದೆ. ಫುಕೆಟ್‌ನ ದಕ್ಷಿಣದ ತುದಿಗೆ, ಎಲ್ಲರೂ ಸೂರ್ಯಾಸ್ತದ ಫೋಟೋ ತೆಗೆಯೋ ಜಾಗಕ್ಕೆ, ‘ಫ್ರೋಮ್‌ಥೆಪ್’ ಅಂತ ಹೆಸರು. ಫ್ರೋಮ್ ಅಂದರೆ ಬ್ರಹ್ಮ, ಥೆಪ್ ಅಂದರೆ ದೇವ. ಅಲ್ಲಿ ಬ್ರಹ್ಮನಿಗೆ ಗುಡಿಯೂ ಇದೆ, ಹರಕೆಯ ಆನೆಗೊಂಬೆಗಳು ಸುತ್ತ ಸಾಲಾಗಿ ನಿಂತಿವೆ. ಬ್ರಹ್ಮನಿಗೆ ಪೂಜೆ ಇಲ್ಲ ಅನ್ನೋ ನಮ್ಮ ಮಾತು ಅಲ್ಲಿ ನಡೆಯೋದಿಲ್ಲ.

17ನೇ ಶತಮಾನದಲ್ಲಿ ಯುರೋಪಿನವರ ಮೂಗಿಗೆ ತವರದ ವಾಸನೆ ಹತ್ತಿತು. ಡಚ್ಚರು ವ್ಯಾಪಾರವೆಲ್ಲ ತಮಗೇ ಬೇಕು ಅಂದರು. ಆಗ ಅಯುತ್ಥಯಾದಲ್ಲಿದ್ದ ದೊರೆ ನಾರಾಯ್ (ನಮ್ಮ ನಾರಾಯಣನೇ) ಡಚ್ಚರನ್ನು ತೂಗಿಸೋಕೆ ಫ್ರೆಂಚರನ್ನು ತಂದ. ವೈದ್ಯಸೇವೆಗೆ ಅಂತ ಬಂದಿದ್ದ ರೆನೆ ಶಾರ್ಬೊನೋ ಅನ್ನೋ ಫ್ರೆಂಚ್ ಮಿಷನರಿ 1681ರಿಂದ 1685ರವರೆಗೆ ಫುಕೆಟ್‌ನ ಗವರ್ನರ್ ಆಗಿದ್ದ! 1685ರಲ್ಲಿ ದ್ವೀಪದ ತವರದ ಗುತ್ತಿಗೆಯೂ ಫ್ರೆಂಚರ ಕೈಗೆ ಹೋಯ್ತು. ಮೂರೇ ವರ್ಷ. 1688ರಲ್ಲಿ ಅರಮನೆಯಲ್ಲಿ ಕ್ರಾಂತಿಯಾಗಿ ಫ್ರೆಂಚರು ಗಂಟುಮೂಟೆ ಕಟ್ಟಿದರು. ಈ ಎಲ್ಲ ಲೆಕ್ಕಾಚಾರ ನಡೆದದ್ದು ಅಯುತ್ಥಯಾ, ಬಟೇವಿಯಾ, ಪ್ಯಾರಿಸ್ಸುಗಳಲ್ಲಿ. ಹೊಳೆಯಲ್ಲಿ ನಿಂತು ಅದಿರು ಗಾಳಿಸುತ್ತಿದ್ದವರನ್ನು ಯಾರೂ ಕೇಳಲಿಲ್ಲ.

ಈ ದ್ವೀಪದ ಇತಿಹಾಸವನ್ನು ನಾನು ಓದಿಕೊಂಡಿರೋದೇ ಹೀಗೆ. ಹೊರಗಿನವರಿಗೆ ಏನೋ ಒಂದು ಬೇಕಾಗುತ್ತೆ, ದ್ವೀಪ ಅದನ್ನು ಕೊಡುತ್ತೆ, ಬೆಲೆ ಬೇರೆಲ್ಲೋ ನಿಗದಿಯಾಗುತ್ತೆ. ಆದರೆ ಮೂರು ಸಲ ಇಲ್ಲಿನ ಜನ ಎದ್ದು ನಿಂತು ‘ಆಗಲ್ಲ’ ಅಂದಿದ್ದಾರೆ. ಫುಕೆಟ್ ಅರ್ಥವಾಗಬೇಕು ಅಂದರೆ ಆ ಮೂರು ಕತೆ ಗೊತ್ತಿರಬೇಕು.

ಮೊದಲನೆಯದು 1785ರದ್ದು. ಬರ್ಮಾದ ದೊರೆ ಬೊದಾವ್ಪಯಾ ಸಯಾಮಿನ ಮೇಲೆ ಏಕಕಾಲಕ್ಕೆ ಹಲವು ದಿಕ್ಕಿನಿಂದ ಸೈನ್ಯ ನುಗ್ಗಿಸಿದ. ಥಾಯ್ ಜನ ಇದನ್ನು ‘ಒಂಬತ್ತು ಸೈನ್ಯಗಳ ಯುದ್ಧ’ ಅಂತಾರೆ. ಒಂದು ಪಡೆ ಹಡಗೇರಿ ಥಲಾಂಗ್‌ಗೆ ಬಂತು. ಅಷ್ಟರಲ್ಲಿ ಥಲಾಂಗ್‌ನ ಗವರ್ನರ್ ತೀರಿಕೊಂಡು ಹೆಚ್ಚು ದಿನ ಆಗಿರಲಿಲ್ಲ. ಅಲ್ಲೇ ವ್ಯಾಪಾರ ಮಾಡಿಕೊಂಡಿದ್ದ ಫ್ರಾನ್ಸಿಸ್ ಲೈಟ್ ಅನ್ನೋ ಇಂಗ್ಲಿಷಿನವನು ದಂಡು ಬರ್ತಿದೆ ಅಂತ ಸುದ್ದಿ ಮುಟ್ಟಿಸಿದ. ಗವರ್ನರನ ವಿಧವೆ ಚಾನ್ ಮತ್ತು ಅವಳ ತಂಗಿ ಮೂಕ್ ಕೋಟೆಯ ಕಾವಲು ವಹಿಸಿಕೊಂಡರು. ಗಂಡಸರು ಸಾಲದೆ ಹೆಂಗಸರಿಗೇ ಸಿಪಾಯಿ ವೇಷ ಹಾಕಿಸಿ, ಮರದ ತುಂಡುಗಳನ್ನು ಆಯುಧದ ಹಾಗೆ ಹಿಡಿಸಿ, ಬರ್ಮಾದವರ ಕಣ್ಣಿಗೆ ಕಾಣುವಂತೆ ಮತ್ತೆ ಮತ್ತೆ ಓಡಾಡಿಸಿದರಂತೆ. ಸುಮಾರು ಒಂದು ತಿಂಗಳ ಮುತ್ತಿಗೆಯ ನಂತರ, 1785ರ ಮಾರ್ಚ್ 13ರಂದು ಬರ್ಮಾದ ಪಡೆ ಹಿಂತಿರುಗಿತು. ನಮಗೆ ಒನಕೆ ಓಬವ್ವ ನೆನಪಾಗೋದು ಸಹಜವೇ. ವ್ಯತ್ಯಾಸ ಅಂದರೆ ಇವರು ಬದುಕುಳಿದರು. ದೊರೆ ಒಂದನೇ ರಾಮ ಅಕ್ಕನಿಗೆ ‘ಥೆಪ್ ಕ್ರಸತ್ರಿ’, ತಂಗಿಗೆ ‘ಸಿ ಸುಂಥೋನ್’ ಅಂತ ಬಿರುದು ಕೊಟ್ಟ. ಸ್ವಲ್ಪ ತಿದ್ದಿ ಓದಿ: ದೇವ ಕ್ಷತ್ರಿಯೆ, ಶ್ರೀ ಸುಂದರಿ.

ಸ್ಮಾರಕಗಳು ಹೇಳದ ಭಾಗ ಇನ್ನೊಂದಿದೆ. ಗೆದ್ದ ಮೇಲೆ ಊರಿನಲ್ಲಿ ಅಕ್ಕಿ ಇರಲಿಲ್ಲ. ಚಾನ್ ಮತ್ತು ಅವಳ ಮನೆಯವರು ಲೈಟ್‌ಗೆ ಬರೆದ ಕಾಗದಗಳು ಲಂಡನ್ನಿನ ಸೋಆಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಅವುಗಳಲ್ಲಿ ಶೌರ್ಯದ ಮಾತಿಗಿಂತ ಹಸಿವು, ಸಾಲ, ತವರದ ಲೆಕ್ಕವೇ ಹೆಚ್ಚು. ಯುದ್ಧ ಗೆದ್ದವಳು ಕೂತು ಸಾಲದ ಲೆಕ್ಕ ಬರೆಸ್ತಿದ್ದಳು ಅನ್ನೋದು ನನ್ನನ್ನು ಕತ್ತಿ ಹಿಡಿದ ಪ್ರತಿಮೆಗಿಂತ ಹೆಚ್ಚು ಕಾಡುತ್ತೆ. ಲೈಟ್ 1786ರಲ್ಲಿ ಹೋಗಿ ಪೆನಾಂಗ್ ದ್ವೀಪದಲ್ಲಿ ಬ್ರಿಟಿಷ್ ಬಾವುಟ ಏರಿಸಿದ. 1809ರ ನಂತರ ಬರ್ಮಾದವರು ಮತ್ತೆ ಬಂದು ಥಲಾಂಗ್ ಪಟ್ಟಣವನ್ನು ಹಾಳುಗೆಡವಿದರು. ದ್ವೀಪ ಎಷ್ಟೋ ವರ್ಷ ಕಾಡು ಬಿತ್ತು.

ಮತ್ತೆ ಜನ ತುಂಬಿದ್ದು ತವರದಿಂದಲೇ. 19ನೇ ಶತಮಾನದಲ್ಲಿ ಡಬ್ಬಿಯಲ್ಲಿ ಆಹಾರ ತುಂಬಿಡೋ ಉದ್ಯಮ ಯುರೋಪು-ಅಮೆರಿಕಗಳಲ್ಲಿ ಬೆಳೆದ ಹಾಗೆ ತವರದ ಬೆಲೆ ಏರಿತು. ಚೀನಾದ ಫುಜಿಯನ್ ಪ್ರಾಂತ್ಯದಿಂದ ಹೊಕ್ಕಿಯನ್ ಕೂಲಿಗಳು ಸಾವಿರಾರು ಸಂಖ್ಯೆಯಲ್ಲಿ ಬಂದು ಕಥೂ ಕಣಿವೆಯಲ್ಲಿ ಗುಂಡಿ ತೋಡಿದರು. ಅಲ್ಲಿ 1825ರ ಸುಮಾರಿಗೆ ಗಣಿಯವರ ಮನರಂಜನೆಗೆ ಬಂದಿದ್ದ ಚೀನೀ ನಾಟಕದ ಕಂಪನಿಯೊಂದು ಜ್ವರ ಬಿದ್ದಿತಂತೆ. ವ್ರತ ಹಿಡಿದು ಮಾಂಸ ಬಿಟ್ಟ ಮೇಲೆ ಗುಣವಾಯ್ತಂತೆ. ಅಲ್ಲಿಂದ ಶುರುವಾದದ್ದು ಇವತ್ತಿನ ಫುಕೆಟ್ ಸಸ್ಯಾಹಾರ ಹಬ್ಬ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ, ಅಂದರೆ ಬಹಳಷ್ಟು ವರ್ಷ ನಮ್ಮ ನವರಾತ್ರಿಯ ಹೊತ್ತಿಗೇ. ಫುಕೆಟ್‌ನಲ್ಲಿ ವೆಜ್ ಸಿಗಲ್ಲ ಅಂತ ಥೇಪ್ಲಾ, ಚಟ್ನಿಪುಡಿ ಹೊತ್ತುಕೊಂಡು ಹೋಗುವವರು ಈ ಒಂಬತ್ತು ದಿನ ನೋಡಿ ಹೋಗಬೇಕು. ಹಳದಿ ಬಾವುಟ ಕಟ್ಟಿದ ಅಂಗಡಿಗಳಲ್ಲಿ ಈರುಳ್ಳಿ-ಬೆಳ್ಳುಳ್ಳಿ ಕೂಡ ಇರೋದಿಲ್ಲ. ಆದರೆ ಬೀದಿಯ ಮೆರವಣಿಗೆ ನೋಡೋಕೆ ಗಟ್ಟಿ ಎದೆ ಬೇಕು, ಮೈದುಂಬಿದ ಭಕ್ತರು ಕೆನ್ನೆಗೆ ಸಲಾಕೆ ಚುಚ್ಚಿಕೊಂಡು ಬರ್ತಾರೆ.

ಎರಡನೇ ‘ಆಗಲ್ಲ’ 1876ರದ್ದು. ಆ ವರ್ಷ ಗಣಿ ಕೂಲಿಗಳ ಗುಪ್ತ ಸಂಘಗಳು ದಂಗೆ ಎದ್ದವು. ಪಟ್ಟಣ, ಹಳ್ಳಿಗಳು ಲೂಟಿಯಾದವು. ಛಲೋಂಗ್ ಹಳ್ಳಿಯವರು ಕಾಡಿಗೆ ಓಡಲು ಸಿದ್ಧರಾಗಿ, ದೇವಾಲಯದ ಹಿರಿಯ ಭಿಕ್ಷು ಚೇಮ್ ಅವರನ್ನೂ ಬನ್ನಿ ಅಂತ ಕರೆದರು. ನಾನು ವಿಹಾರ ಬಿಟ್ಟು ಬರೋದಿಲ್ಲ ಅಂದರು ಅವರು. ಅವರನ್ನು ಬಿಟ್ಟು ಹೋಗೋಕೆ ಮನಸ್ಸಾಗದ ಜನ ತಾವೂ ನಿಂತರು. ಅವರು ಮಂತ್ರಿಸಿ ಕೊಟ್ಟ ಬಟ್ಟೆ ತಲೆಗೆ ಸುತ್ತಿಕೊಂಡು ದಂಗೆಕೋರರನ್ನು ತಡೆದರು. ಆಮೇಲೆ ಹರಕೆ ಹೊತ್ತವರು, ಬುದ್ಧನ ವಿಗ್ರಹಕ್ಕೆ ಅಂಟಿಸುವ ಹಾಗೆ, ಬದುಕಿದ್ದ ಆ ಭಿಕ್ಷುವಿನ ಮೈಗೇ ಚಿನ್ನದ ರೇಕು ಅಂಟಿಸೋಕೆ ಶುರು ಮಾಡಿದರಂತೆ. ವಾಟ್ ಛಲೋಂಗ್ ಈಗ ದ್ವೀಪದಲ್ಲಿ ಅತಿ ಹೆಚ್ಚು ಜನ ನೋಡುವ ದೇವಾಲಯ. ಅಲ್ಲಿ ಸೆಲ್ಫಿ ತೆಗೆಯೋಕೆ ಮುಂಚೆ ಆ ಅಜ್ಜನ ಮೂರ್ತಿಯ ಮುಂದೆ ಒಂದು ನಿಮಿಷ ನಿಲ್ಲಿ. ಹಾಗಂತ ದಂಗೆ ಎದ್ದ ಕೂಲಿಗಳನ್ನು ಬರೀ ರಾಕ್ಷಸರು ಅಂತ ಬರೆಯೋಕೂ ನನಗೆ ಮನಸ್ಸಿಲ್ಲ. ದೂರದ ಮಾರುಕಟ್ಟೆಯಲ್ಲಿ ತವರದ ಬೆಲೆ ಬಿದ್ದರೆ ಹೊಟ್ಟೆ ಕಾಯುತ್ತಿದ್ದದ್ದು ಅವರದ್ದೇ.

ಫುಕೆಟ್ ಹಳೇ ಪೇಟೆಯ ಬಣ್ಣಬಣ್ಣದ ಮನೆಗಳ ಮುಂದೆ ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ತಾರಲ್ಲ, ಆ ಪೇಟೆ ಕಟ್ಟಿದ್ದು ಈ ತವರದ ದುಡ್ಡು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಬೆಳಕಿಗೆ ತೊಟ್ಟಿ, ಎದುರಿಗೆ ಕಮಾನಿನ ಜಗಲಿ. ‘ಸೈನೋ-ಪೋರ್ಚುಗೀಸ್’ ಅಂತ ಈಗ ಕರೀತಾರೆ. 20ನೇ ಶತಮಾನದ ಆರಂಭದಲ್ಲಿ ಇಲ್ಲಿ ದರ್ಬಾರು ನಡೆಸಿದವನು ಖಾವ್ ಸಿಮ್ ಬೀ. ಚೀನಾದಿಂದ ಬರಿಗೈಲಿ ಬಂದು ರನಾಂಗ್‌ನ ಗವರ್ನರ್ ಆದವನ ಮಗ, ಥಾಯ್ ದೊರೆಯ ನಂಬಿಕೆಯ ಅಧಿಕಾರಿ. ಬ್ಯಾಂಕು ತರಿಸಿದ, ರಸ್ತೆ ಮಾಡಿಸಿದ, ದಕ್ಷಿಣ ಥಾಯ್ಲೆಂಡಿಗೆ ರಬ್ಬರ್ ತಂದ. ಆಸ್ಟ್ರೇಲಿಯಾದ ಟಾಸ್ಮೇನಿಯಾದಿಂದ ಎಡ್ವರ್ಡ್ ಮೈಲ್ಸ್ ಅನ್ನೋ ಕ್ಯಾಪ್ಟನನ್ನು ಕರೆಸಿಕೊಂಡು, 1907ರಲ್ಲಿ ಫುಕೆಟ್ ಬಂದರಿನಲ್ಲಿ ಸಮುದ್ರದ ತಳದಿಂದಲೇ ತವರ ಬಾಚುವ ಡ್ರೆಡ್ಜರ್ ಇಳಿಸಿದ. ತವರಕ್ಕೆ ಇಂಥ ಯಂತ್ರ ಜಗತ್ತಿನಲ್ಲೇ ಮೊದಲು ಅಂತ ಹೇಳ್ತಾರೆ. ಸಫಾನ್ ಹಿನ್ ಉದ್ಯಾನದಲ್ಲಿ ಅದರ ಸ್ಮಾರಕ ಇದೆ. ಖಾವ್ ಸಿಮ್ ಬೀಯನ್ನು 1913ರಲ್ಲಿ ಕಾಂತಾಂಗ್ ಬಂದರಿನಲ್ಲಿ ಒಬ್ಬ ಡಾಕ್ಟರು ಗುಂಡಿಟ್ಟ, ಪೆನಾಂಗ್‌ನಲ್ಲಿ ಪ್ರಾಣ ಹೋಯ್ತು. ಸಿನಿಮಾ ಹುಚ್ಚಿನವರಿಗೆ ಒಂದು ಮಾತು: ‘ದಿ ಕಿಲ್ಲಿಂಗ್ ಫೀಲ್ಡ್ಸ್’ ಚಿತ್ರದಲ್ಲಿ ಫ್ನಾಮ್ ಪೆನ್ಹ್‌ನ ಫ್ರೆಂಚ್ ರಾಯಭಾರ ಕಚೇರಿಯಾಗಿ ಕಾಣೋದು ಫುಕೆಟ್‌ನ ಹಳೇ ಪ್ರಾಂತ್ಯ ಕಚೇರಿ.

ಮೂರನೇ ಕತೆ ನಮ್ಮ ಕಾಲದ್ದು. ನಿಮ್ಮ ಜೇಬಿನ ಫೋನಿನವರೆಗೂ ಅದರ ಎಳೆ ಬರುತ್ತೆ.

ಅದಿರು ಕರಗಿಸಿ ತವರ ತೆಗೆದ ಮೇಲೆ ಕಿಟ್ಟ ಉಳಿಯುತ್ತೆ, ಕಪ್ಪು ಕಲ್ಲಿನಂಥ ಕಸ. ಫುಕೆಟ್‌ನಲ್ಲಿ ಅದನ್ನು ಹಳ್ಳ ತುಂಬಿಸೋಕೆ, ರಸ್ತೆಗೆ, ಮನೆಯ ತಳಕ್ಕೆ ಸುರೀತಿದ್ದರು. 1970ರ ದಶಕದ ಕೊನೆಯ ಹೊತ್ತಿಗೆ ಆ ಕಿಟ್ಟದಲ್ಲಿ ಟ್ಯಾಂಟಲಮ್ ಅನ್ನೋ ಲೋಹ ಇದೆ, ಎಲೆಕ್ಟ್ರಾನಿಕ್ಸ್‌ನ ಕೆಪಾಸಿಟರ್‌ಗಳಿಗೆ ಅದು ಬೇಕು, ಬೆಲೆ ಆಕಾಶಕ್ಕೆ ಹೋಗಿದೆ ಅಂತ ಗೊತ್ತಾಯ್ತು. ಜನ ಹಾಕಿದ ಕಿಟ್ಟವನ್ನು ಮತ್ತೆ ಅಗೆದು ತೆಗೆದರು. ಟ್ಯಾಂಟಲಮ್ ಬೇರ್ಪಡಿಸೋಕೆ ದ್ವೀಪದಲ್ಲೇ ಒಂದು ಕಾರ್ಖಾನೆ ಎದ್ದಿತು.

ಅದೇ ಹೊತ್ತಿಗೆ ಇನ್ನೆರಡು ವಿಷಯ ನಡೆದವು. 1985ರ ಅಕ್ಟೋಬರಿನಲ್ಲಿ ಅಂತಾರಾಷ್ಟ್ರೀಯ ತವರ ಮಂಡಳಿ ದಿವಾಳಿಯಾಗಿ ತವರದ ಬೆಲೆ ನೆಲಕ್ಕೆ ಬಿತ್ತು. ಅದೇ ವರ್ಷ ಕಟಾ ಬೀಚಿನಲ್ಲಿ ಕ್ಲಬ್ ಮೆಡ್ ರೆಸಾರ್ಟ್ ಬಾಗಿಲು ತೆರೆಯಿತು. ಗಣಿ ಮುಚ್ಚುತ್ತಿದೆ, ಬೀಚು ತೆರೆಯುತ್ತಿದೆ. ಈ ನಡುವೆ ಪಟ್ಟಣದ ಪಕ್ಕದಲ್ಲೇ ಕಟು ಆಮ್ಲ ಬಳಸುವ ಕಾರ್ಖಾನೆ. ಭೋಪಾಲ್ ದುರಂತ ಆಗಿ ಎರಡು ವರ್ಷ ಕೂಡ ತುಂಬಿರಲಿಲ್ಲ, ಚೆರ್ನೋಬಿಲ್ ಆಗಿ ಎರಡೇ ತಿಂಗಳು. 1986ರ ಜೂನ್ 23ರಂದು ಕೈಗಾರಿಕಾ ಸಚಿವರು ಫುಕೆಟ್‌ಗೆ ಬಂದರು. ಸಾವಿರಾರು ಜನ ಬೀದಿಗಿಳಿದರು. ಸಂಜೆಯೊಳಗೆ ಕಾರ್ಖಾನೆಗೆ ಬೆಂಕಿ ಬಿದ್ದಿತ್ತು. ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು. ಆಮೇಲೆ ಕಾರ್ಖಾನೆ ಫುಕೆಟ್‌ಗೆ ಮರಳಲಿಲ್ಲ, ರಯಾಂಗ್ ಪ್ರಾಂತ್ಯಕ್ಕೆ ಹೋಯ್ತು. ಅಲ್ಲಿನವರನ್ನು ಯಾರು ಕೇಳಿದರು ಅನ್ನೋ ಪ್ರಶ್ನೆ ಹಾಗೇ ಉಳಿಯಿತು.

ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳ್ತಿಲ್ಲ. ಆದರೆ ಫುಕೆಟ್ ಬೀಚುಗಳ ಊರಾದದ್ದು ತಾನಾಗೇ ಅಲ್ಲ ಅನ್ನೋದನ್ನು ಗಮನಿಸಿ. ಒಂದು ಊರಿನ ಜನ ಅವತ್ತು ತಮ್ಮ ಮುಂದಿನ ಅನ್ನ ಎಲ್ಲಿಂದ ಬರಬೇಕು ಅಂತ ತೀರ್ಮಾನ ಮಾಡಿದರು. ಬಂಗ್ ಥಾವ್ ಬೀಚಿನ ಹಿಂದೆ ಲಗೂನಾ ಅಂತ ದೊಡ್ಡ ರೆಸಾರ್ಟ್ ಸಮೂಹ ಇದೆ. ಅದರ ನೀಲಿ ಕೊಳಗಳೆಲ್ಲ ಹಳೇ ತವರದ ಗುಂಡಿಗಳು. ಗಣಿಗಾರಿಕೆಯಿಂದ ಸತ್ತುಹೋಗಿದ್ದ ನೆಲಕ್ಕೆ ಮಣ್ಣು ತುಂಬಿಸಿ, ಮರ ನೆಟ್ಟು ಕಟ್ಟಿದ್ದು. ಈಜುಕೊಳದ ಪಕ್ಕ ಎಳನೀರು ಕುಡಿಯುವವರಿಗೆ ಇದನ್ನು ಯಾರೂ ಹೇಳೋದಿಲ್ಲ.

ಹಾಗಾದರೆ ಪ್ರವಾಸೋದ್ಯಮ ಬಂದು ಎಲ್ಲ ಸರಿಹೋಯ್ತಾ? 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಥಾಯ್ಲೆಂಡಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಫಂಗ್ ಙಾದ ಖಾವ್ ಲಕ್‌ನಲ್ಲಿ, ನೂರಾರು ಜನ ಫುಕೆಟ್‌ನಲ್ಲಿ. ಫುಕೆಟ್‌ನ ಮಾಯ್ ಖಾವ್ ಬೀಚಿನಲ್ಲಿ ಟಿಲ್ಲಿ ಸ್ಮಿತ್ ಅನ್ನೋ ಹತ್ತು ವರ್ಷದ ಬ್ರಿಟಿಷ್ ಹುಡುಗಿ, ಶಾಲೆಯ ಭೂಗೋಳದ ಪಾಠ ನೆನಪಿಟ್ಟುಕೊಂಡು, ಸಮುದ್ರದ ನೊರೆ ನೋಡಿ ಅಪಾಯ ಗುರುತಿಸಿ ಜನರನ್ನು ಓಡಿಸಿದಳು. ಕೊರೊನಾ ಬಂದಾಗ ಇಡೀ ದ್ವೀಪ ಮುಚ್ಚಿಹೋಯ್ತು. ಒಂದೇ ಬೆಳೆ ನಂಬಿದ ರೈತನ ಗತಿ ಏನಾಗುತ್ತೆ ಅಂತ ನಮಗೆ ಹೊಸದಾಗಿ ಹೇಳಬೇಕಿಲ್ಲ. 2024ರ ಆಗಸ್ಟಿನಲ್ಲಿ ಭಾರೀ ಮಳೆಗೆ ದೊಡ್ಡ ಬುದ್ಧನ ಗುಡ್ಡದ ಕೆಳಗೆ, ಕರೋನ್ ಕಡೆ, ನೆಲ ಕುಸಿದು 13 ಜನ ಸತ್ತರು. ಗುಡ್ಡದಲ್ಲಿ ಕಾಡು ಕಡಿದು ಕಟ್ಟಿದ್ದು ಎಷ್ಟು ಅನ್ನೋ ತನಿಖೆ ಆಮೇಲೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ದಕ್ಷಿಣದ ರವಾಯ್. ಅಲ್ಲಿ ಉರಕ್ ಲವೋಯ್ ಎಂಬ ಕಡಲ ಜನ ತಲೆಮಾರುಗಳಿಂದ ಇದ್ದಾರೆ. ಮೀನು ಹಿಡಿಯುವವರು, ಉಸಿರು ಬಿಗಿಹಿಡಿದು ಮುಳುಗುವವರು. ಜಮೀನಿಗೆ ಕಾಗದ ಮಾಡಿಸಿಕೊಳ್ಳಬೇಕು ಅನ್ನೋದು ಅವರಿಗೆ ಗೊತ್ತಿರಲಿಲ್ಲ. ಸಮುದ್ರದಂಡೆಯ ನೆಲಕ್ಕೆ ಬೆಲೆ ಬಂದ ಮೇಲೆ ಕಾಗದ ಇದ್ದವರು ಬಂದರು. 2016ರ ಜನವರಿಯಲ್ಲಿ, ದೇವರ ಜಾಗಕ್ಕೆ ಹೋಗುವ ದಾರಿಯ ವಿಷಯಕ್ಕೆ ಹೊಡೆದಾಟವೇ ಆಯ್ತು. ತಾವು ಇಲ್ಲೇ ಇದ್ದವರು ಅಂತ ತೋರಿಸೋಕೆ ಆ ಜನ ಹುಡುಕಿದ ಸಾಕ್ಷಿಗಳಲ್ಲಿ ಒಂದು, 1959ರಲ್ಲಿ ದೊರೆ ಭೂಮಿಬೋಲ್ ಅವರ ಕೇರಿಗೆ ಬಂದಿದ್ದ ಫೋಟೋ. ಚಿತ್ರದ ಹಿನ್ನೆಲೆಯಲ್ಲಿ ಅವರ ತೆಂಗಿನ ಮರಗಳಿವೆ, ಅವರ ಹಿರಿಯರಿದ್ದಾರೆ. ಈ ದ್ವೀಪದ ಅತಿ ಹಳೆಯ ನಿವಾಸಿಗಳು ತಮ್ಮ ಇರುವಿಕೆಗೆ ಒಂದು ಫೋಟೋ ಒದಗಿಸಬೇಕಾಯ್ತು. ನಾವು ಕೂತು ಸುಟ್ಟ ಮೀನು ತಿನ್ನೋ ರವಾಯ್ ಸಮುದ್ರದಂಡೆಯ ಒತ್ತಿನಲ್ಲೇ ಆ ಕೇರಿ ಇದೆ.

ನಾಲ್ಕನೇ ‘ಆಗಲ್ಲ’ ಬಂದರೆ ಅದು ರವಾಯ್‌ನಿಂದಲೇ ಬರಬಹುದು ಅಂತ ನನ್ನ ಅಂದಾಜು. ಈ ಸಲ ಎದುರಿಗೆ ಇರೋದು ಬರ್ಮಾದ ದಂಡಲ್ಲ, ಕಾರ್ಖಾನೆಯೂ ಅಲ್ಲ. ನಾನು, ನೀವು, ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪು. ಅದಕ್ಕೆ ಹೋಗಲೇಬಾರದು ಅನ್ನೋದು ಉತ್ತರವಲ್ಲ, ನಾವು ಹೋಗದಿದ್ದರೆ ಏನಾಗುತ್ತೆ ಅಂತ ಕೊರೊನಾ ಕಾಲದಲ್ಲಿ ಅವರು ನೋಡಿದ್ದಾರೆ.

ನೀವು ಹೋದಾಗ ಒಂದು ಅರ್ಧ ದಿನ ಬೀಚಿನಿಂದ ಕದ್ದಿಡಿ. ಬೆಳಗ್ಗೆ ಥಲಾಂಗ್ ಮ್ಯೂಸಿಯಮ್ಮು, ಅದರ ಹತ್ತಿರವೇ ಅಕ್ಕ-ತಂಗಿಯ ಪ್ರತಿಮೆ. ಅಲ್ಲಿಂದ ಕಥೂನ ಗಣಿ ವಸ್ತುಸಂಗ್ರಹಾಲಯ. ಬಿಸಿಲು ಇಳಿದ ಮೇಲೆ ಹಳೇ ಪೇಟೆಯ ಜಗಲಿಗಳಲ್ಲಿ ನಡೀರಿ. ಅಲ್ಲಿ ‘ದಿಬುಕ್’ ಅಂತ ಒಂದು ರಸ್ತೆ ಇದೆ. ಈಗ ಅದರಲ್ಲಿ ಕಾಫಿ ಅಂಗಡಿ, ಬುಟೀಕು. ಥಾಯ್ ಭಾಷೆಯಲ್ಲಿ ದಿಬುಕ್ ಅಂದರೆ ತವರ.